ಹೆಬ್ಬೆರಳಿಗೆ ಬಂದ ಬೆಳ್ಳಿ

ಮಾದಾಪುರದ ಕಡಿದಾದ ಕಾಫಿ ತೋಟದಲ್ಲಿ ರೈಟರ್ ಆಗಿ, ಅಂದರೆ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುತ್ತಾ, ಆಯುಸ್ಸು ಸವೆಸಿದ ನನಗೆ ಕಾಲಿನ ಹೆಬ್ಬೆರಳಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇಳಿಜಾರಿನಲ್ಲಿ ಮಣ್ಣು ಹಿಡಿದು ನಮ್ಮನ್ನು ನಿಲ್ಲಿಸುವುದು ಅದೇ. ಅದು ಹೋದರೆ ನಾನು ಅಂಗಳದ ಕುರ್ಚಿಗೆ ಅಂಟಿದಂತೆಯೇ.

ಕಳೆದ ವರ್ಷ ಗಿಡ ಸವರುವಾಗ ಕತ್ತಿ ಜಾರಿ ಆ ಬೆರಳೇ ಸೀಳಿತು. ನಮ್ಮ ಕಡೆಯ ರೂಢಿಯಂತೆ ಒಂದು ಹಿಡಿ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿದೆ. ರಕ್ತ ಕೂಡಲೇ ನಿಂತಿತು. ಇದನ್ನು ಇಂದಿಗೂ ಒತ್ತಿ ಹೇಳುತ್ತೇನೆ. ಆದರೆ ನನಗೆ ಸಕ್ಕರೆ ಕಾಯಿಲೆ. ಗಾಯ ಒಣಗಲಿಲ್ಲ, ಪುಡಿ ಒಳಗೇ ಉಳಿದು ಕೀವಾಯಿತು.

ಮಡಿಕೇರಿಯಲ್ಲಿ ಮೊದಲು ನೋಡಿದ ವೈದ್ಯರು ಆ ಕಪ್ಪು ಪುಡಿಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದರು.

“ಡಿಕಾಕ್ಷನ್ ಇಳಿದಿದೆ ಸಿಸ್ಟರ್, ಹಾಲು ಕಾಯಿಸಿದ್ದೀರಾ?”

ನರ್ಸ್ ನಕ್ಕಳು. ಆ ನಗುವನ್ನು ನಾನು ಮರೆತಿಲ್ಲ. ಬಳಿಕ ವೈದ್ಯರು ನನ್ನ ಮುಖವನ್ನೂ ನೋಡದೆ, “ಬೆರಳು ತೆಗೆಯೋದೇ. ಈ ವಯಸ್ಸಲ್ಲಿ ಅದಿದ್ದು ಏನಾಗ್ಬೇಕು?” ಎಂದರು.

“ನಿಮ್ಮ ಬೆರಳೇನ್ರೀ ಅದು?” ಎಂದೆ.

ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. “ಜಗಳ ಆಮೇಲೆ ಆಡುವಿರಂತೆ. ಇನ್ನೊಬ್ಬರಿಗೆ ತೋರ್ಸೋಣ ಬನ್ನಿ.”

ಕುಶಾಲನಗರದ ವೈದ್ಯೆ ಮೊಮ್ಮಗಳ ವಯಸ್ಸಿನವಳು. ಮೊದಲು ಪಾದದ ನಾಡಿ ಹುಡುಕಿದಳು. “ರಕ್ತ ಓಡ್ತಾ ಇದೆ ಅಜ್ಜ. ನೋಡೋಣ. ಆದ್ರೆ ಉಳಿದೇ ಉಳಿಯುತ್ತೆ ಅಂತ ಮಾತು ಕೊಡಲ್ಲ.” ಸತ್ತ ಮಾಂಸವನ್ನು ತೆಗೆದು, ಇನ್ಸುಲಿನ್ ಹೆಚ್ಚಿಸಿ, ಗಾಯದ ಮೇಲೆ ಬೂದುಬಣ್ಣದ ಒಂದು ತೆಳು ಹಾಳೆ ಇಟ್ಟಳು.

“ಇದೇನು, ಪಾತ್ರೆ ಒರೆಸೋ ಬಟ್ಟೆಯಾ?”

“ಬೆಳ್ಳಿ ಅಜ್ಜ.”

“ಹೊಳೀತಾನೇ ಇಲ್ವಲ್ಲಮ್ಮ!”

“ಒಂದು ಕೂದಲನ್ನ ಸಾವಿರ ಎಳೆ ಮಾಡಿ ಸೀಳಿದ್ರೂ ಆ ಎಳೆಗಿಂತ ಸಣ್ಣ ಕಣಗಳು ಇವು. ನ್ಯಾನೋ ಅಂತಾರೆ. ಅಷ್ಟು ಸಣ್ಣಗಾದ್ರೆ ಬೆಳ್ಳಿಯ ಬಣ್ಣವೇ ಬೇರೆ. ಗಾಯದ ತೇವಕ್ಕೆ ಸ್ವಲ್ಪಸ್ವಲ್ಪ ಕರಗಿ ಕ್ರಿಮಿಗಳನ್ನ ಕೊಲ್ಲುತ್ತೆ.”

ನನ್ನವಳು ಸುಮ್ಮನಿರಲಿಲ್ಲ. “ಮದುವೇಲಿ ಕಾಲುಂಗುರ ನನಗೊಬ್ಬಳಿಗೇ ಹಾಕಿದ್ರಿ. ಈಗ ನಿಮ್ಮ ಬೆರಳಿಗೂ ಬೆಳ್ಳಿ ಬಂತು ನೋಡಿ!”

ಕಾಫಿಯನ್ನೂ ಕರಿಮೆಣಸನ್ನೂ ತಕ್ಕಡಿಯಲ್ಲಿಟ್ಟು ಬದುಕಿದವನು ನಾನು. ತೂಕಕ್ಕೆ ಸಿಗದ ವಸ್ತುವಿಗೆ ಮರ್ಯಾದೆ ಕೊಟ್ಟವನಲ್ಲ. ಕನ್ನಡಕ ಹಾಕಿಕೊಂಡರೂ ಕಾಣದ ಲೋಹವೊಂದು, ಅಷ್ಟೇ ಕಾಣದ ಶತ್ರುಗಳನ್ನು, ನನ್ನದೇ ಮಾಂಸದೊಳಗೆ ಸದ್ದಿಲ್ಲದೆ ಎದುರಿಸುತ್ತಿದೆ ಎಂಬುದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಪಟ್ಟಿ ಬದಲಿಸುವಾಗ ವೈದ್ಯೆ ಕನ್ನಡಿ ಹಿಡಿದು ತೋರಿಸುತ್ತಿದ್ದಳು. ಮೊದಲು ದುರ್ವಾಸನೆ ಹೋಯಿತು. ಗಾಯದ ತಳ ಕೆಂಪಾಯಿತು. ಆಮೇಲೆ ಒಂದು ದಿನ ಅಂಚಿನಿಂದ ಒಳಕ್ಕೆ, ಹಾಲಿನ ಕೆನೆಯಷ್ಟು ತೆಳುವಾದ ಚರ್ಮ ಹೊರಟಿತ್ತು. ಅದು ನನ್ನದೇ ದೇಹವೆಂದು ನಂಬಲು ತುಸು ಹೊತ್ತು ಹಿಡಿಯಿತು.

ಕೊನೆಯ ಪಟ್ಟಿ ಬಿಚ್ಚಿದ ದಿನ ವೈದ್ಯೆ, “ಬೆರಳು ಅಲ್ಲಾಡ್ಸಿ ಅಜ್ಜ” ಎಂದಳು.

ಅಲ್ಲಾಡಿತು.

“ಉಳೀತು. ಇನ್ನು ಬರಿಗಾಲಲ್ಲಿ ತೋಟಕ್ಕೆ ಇಳಿದ್ರೆ ನಾನೇ ಬೈತೀನಿ.”

ಹೆಂಡತಿಯ ಭುಜ ಹಿಡಿದು ಎದ್ದು ನಿಂತೆ. ನೆಲ ತಣ್ಣಗಿತ್ತು. ಅದು ಬೆರಳಿಗೆ ತಿಳಿಯಿತು.