ಬಂದೇಅಲಿಯ ದನಿ

ವಾಡಿ ಜಂಕ್ಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ ಬಂದೇಅಲಿ ಬಾಯಿ ತೆರೆದರೆ ಸಾಕು, ಪ್ಲಾಟ್‌ಫಾರ್ಮಿನ ಮಂದಿ ನಗುತ್ತಿದ್ದರು. ಅವನು ಹುಟ್ಟುವ ಮೊದಲೇ ಅವನ ಅಮ್ಮ ಸೈದಾನಬಿಯ ಎರಡೂ ಕಣ್ಣು ಸಿಡುಬಿಗೆ ಹೋಗಿದ್ದವು. ಮಗನ ಮುಖ ಆಕೆ ಕಂಡವಳೇ ಅಲ್ಲ. ಆಕೆಗೆ ಮಗನೆಂದರೆ ಆ ದನಿಯೇ.

ಎಪ್ಪತ್ತಮೂರರಲ್ಲಿ ಬೀಗರ ಜಗಳದ ಒಂದು ನಗೆಸಿನಿಮಾ ತೆಗೆಯುವವರು ಸ್ಟೇಷನ್ನಿಗೆ ಬಂದರು. ಕೋಳಿಬುಟ್ಟಿ ಹೊತ್ತು ರೈಲಿನಿಂದ ಇಳಿಯುವ ಸೋದರಮಾವನ ಪಾತ್ರದವನು ಜ್ವರ ಬಂದು ಮಲಗಿದ್ದ. ಬುಟ್ಟಿ ಬಂದೇಅಲಿಯ ತಲೆಗೇರಿತು. “ಕೋಳಿಗೂ ಟಿಕೀಟ ತಗೀಬೇಕೇನ್ರಿ? ಅದು ದಾರಿತುಂಬ ನಿಂತೇ ಬಂದದ” ಎಂದ. ದೊಡ್ಡ ದೊಡ್ಡ ನಟರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೈದಾನಬಿ ಆ ಮಾತನ್ನು ಮನೆಯಲ್ಲಿ ಆಡಿಸಿ ಆಡಿಸಿ ಕೇಳಿದಳು. ಜನ ತುಂಬಿದ ಟಾಕೀಜಿನಲ್ಲಿ ಮಗನ ದನಿ ಕೇಳಬೇಕೆಂಬುದೊಂದೇ ಆಕೆಯ ಹಂಬಲವಾಯಿತು. ಸಿನಿಮಾ ಶಹಾಬಾದಿಗೆ ಬಂದಾಗ ಬಂದೇಅಲಿ ಆಕೆಯನ್ನು ಮ್ಯಾಟಿನಿಗೆ ಕರೆದೊಯ್ದ.

ಪರದೆಯ ಮೇಲೆ ಬಂದೇಅಲಿ ಬುಟ್ಟಿ ಹೊತ್ತು ಇಳಿದ, ಬಾಯಿ ತೆರೆದ. ಹೊರಬಂದದ್ದು ಯಾರದೋ ಮೈಸೂರು ಕಡೆಯ ನಯವಾದ ದನಿ. ನಮ್ಮ ಕಡೆಯ ಮಾತು ಅವರಿಗೆ ಹಿಡಿಸಲಿಲ್ಲವೋ ಏನೋ. ದನಿಯನ್ನು ಆಮೇಲೆ ಬೇರೆಯವರಿಂದ ತುಂಬಿಸುತ್ತೇವೆಂದು ಆ ಪುಣ್ಯಾತ್ಮರಲ್ಲಿ ಒಬ್ಬನಾದರೂ ಹೇಳಬಾರದಿತ್ತೇ? ಟಾಕೀಜು ಮಾತ್ರ ಬಿದ್ದು ಬಿದ್ದು ನಕ್ಕಿತು.

“ನಿಂದು ಯಾವಾಗ ಬರ್ತದಪಾ?” ಎಂದಳು ಸೈದಾನಬಿ.

“ಇದು ನಾನೇ ಅಮ್ಮಾ. ಮಾರಿ ನಂದು, ದನಿ ಬ್ಯಾರೆಯವರದು ಹಾಕ್ಯಾರ.”

“ಹಂಗೂ ಇರ್ತದೇನು?” ಎಂದವಳು ಸಿನಿಮಾ ಮುಗಿಯುವವರೆಗೂ ಕಿವಿಗೊಟ್ಟು ಕುಳಿತಳು.

ಮನೆಯ ಮುಂದೆ ನೆರೆಯ ಲಾಲಮ್ಮ ಕಾದಿದ್ದಳು. “ಹೆಂಗಿತ್ತವ್ವಾ ಮಗನ ಪಾರ್ಟು?”

“ಭಾಳ ಚೊಲೋ ಮಾತಾಡ್ಯಾನ. ಮಂದಿ ನಕ್ಕು ನಕ್ಕು ಸಾಕಾಯ್ತು. ನಾನೇ ಕೇಳೀನಿ.”

ಅಮ್ಮ ನಂಬಿದಳಲ್ಲ ಎಂದು ಬಂದೇಅಲಿಯ ಜೀವ ಹಗುರಾಯಿತು.

ಒಳಗೆ ಬಂದ ಮೇಲೆ ಸೈದಾನಬಿ ತಡಕಾಡಿ ಅವನ ಕೈ ಹಿಡಿದಳು. “ಪಾರ್ಟು ಬ್ಯಾರೆಯವಗ ಕೊಟ್ಟಾರಂದ್ರ ಅದ್ರಾಗ ನಾಚಿಕಿ ಏನದ ಬೇಟಾ? ನನ್ನ ಮುಂದ ಸುಳ್ಳು ಯಾಕ ಹೇಳ್ದಿ? ಇರ್ಲಿ, ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.”

ಪರದೆಯ ಮೇಲಿದ್ದವನು ತಾನೇ ಎಂದು ಬಂದೇಅಲಿ ಆಣೆ ಇಟ್ಟ. ಕೋಳಿಯ ಮಾತನ್ನು ಮತ್ತೆ ಮತ್ತೆ ಆಡಿ ತೋರಿಸಿದ. ಆಕೆ ಅವನ ತಲೆ ಸವರಿದಳಷ್ಟೇ. ಕೊನೆಗೆ ದುಃಖ ತಡೆಯಲಾರದೆ ಅವನು ಅತ್ತುಬಿಟ್ಟ. ಮಗ ತಪ್ಪು ಒಪ್ಪಿಕೊಂಡು ಅಳುತ್ತಿದ್ದಾನೆಂದು ತಿಳಿದ ಸೈದಾನಬಿ ಸೆರಗಿನಿಂದ ಅವನ ಮುಖ ಒರೆಸಿದಳು.