ಯಂತ್ರಕ್ಕೆ ಹೇಳದೆ ಉಳಿದದ್ದು

ಸೌದಿಯ ದಹ್ರಾನಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಭಟ್ಕಳದವರೊಬ್ಬರು ಕಂಪ್ಯೂಟರಿಗೆ ತರ್ಕ ಕಲಿಸುತ್ತಿದ್ದರು. ಸಂಗತಿಗಳನ್ನೂ ನಿಯಮಗಳನ್ನೂ ಬರೆದಿಟ್ಟು ಪ್ರಶ್ನೆ ಕೇಳಿದರೆ ಅದು ಹೌದು ಅಥವಾ ಇಲ್ಲ ಎನ್ನುತ್ತಿತ್ತು. ಉತ್ತರ ತಪ್ಪಿದಾಗಲೆಲ್ಲ ಅವರು ಕನ್ನಡಕವನ್ನು ಹಣೆಗೇರಿಸಿ, ದಣಿದ ಕಣ್ಣುಜ್ಜಿಕೊಂಡು, "ನಾವು ಹೇಳದ್ದು ಅದಕ್ಕೆ ಇಲ್ಲವೇ ಇಲ್ಲ ಮಾರಾಯ" ಎನ್ನುತ್ತಿದ್ದರು.

ಕಂಪನಿಯ ತುರ್ತು ರಜೆಯ ನಿಯಮಗಳನ್ನು ಅದಕ್ಕೆ ಬರೆದುಕೊಟ್ಟವರೂ ಅವರೇ. ತಂದೆ, ತಾಯಿ, ಹೆಂಡತಿ, ಮಕ್ಕಳಿಗೆ ಕಾಯಿಲೆಯಾದರೆ ಮಾತ್ರ ರಜೆ. ಆ ಬೇಸಿಗೆಯಲ್ಲಿ ಅವರನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಊರಿನಲ್ಲಿ ಹಾಸಿಗೆ ಹಿಡಿದರು. ದೊಡ್ಡಮ್ಮ ತಮ್ಮನ್ನು ಸಾಕಿದ್ದು, ಈಗ ಕಾಯಿಲೆ ಬಿದ್ದದ್ದು ಎರಡನ್ನೂ ಸೇರಿಸಿ, ತಮಗೆ ರಜೆ ಉಂಟೇ ಎಂದು ಯಂತ್ರವನ್ನು ಕೇಳಿದರು. ಇಲ್ಲ ಎಂದಿತು. ಮ್ಯಾನೇಜರಿಗೂ ಅದೇ ಕಡೆಯ ಮಾತು.

"ಸಾಕಿದವರೂ ತಾಯಿಯೇ ಅಂತ ಒಂದು ಸಾಲು ಬರೀರಿ. ನಿಮ್ಮ ಕೈಯಲ್ಲೇ ಉಂಟಲ್ಲ?" ಎಂದೆ.

"ಈಗ ಬರೆದರೆ ಅದು ನಿಯಮ ಅಲ್ಲ, ನನ್ನ ಅರ್ಜಿ ಆಗ್ತದೆ" ಎಂದು ಮತ್ತೆ ಕಣ್ಣುಜ್ಜಿಕೊಂಡರು.

ದೊಡ್ಡಮ್ಮ ತೀರಿಕೊಂಡ ಮರುವಾರ, ಮೇಲಿನವರ ಒಪ್ಪಿಗೆ ಪಡೆದು ಆ ಸಾಲು ಸೇರಿಸಿದರು. ಸರಿಯಾಗಿದೆಯೇ ಎಂದು ನೋಡಲು ತಮ್ಮ ಹೆಸರನ್ನೇ ಕೊಟ್ಟು, ರಜೆ ಉಂಟೇ ಎಂದು ಮತ್ತೆ ಕೇಳಿದರು. ಸಾವಿನ ಸುದ್ದಿಯನ್ನು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಅದು ಹೌದು ಎಂದಿತು.