ರಟ್ಟಕ್ಕನ ಕಾರ್ಖಾನೆಯ ಯಜಮಾನರು

ರಟ್ಟಿನ ಡಬ್ಬ ಮಾಡಿಸುವವಳಾದ್ದರಿಂದ ಬೀದಿಯವರೆಲ್ಲ ಅವಳನ್ನು ರಟ್ಟಕ್ಕ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೇ ಯಂತ್ರ ಇಟ್ಟುಕೊಂಡು ಶುರು ಮಾಡಿದ ಕೆಲಸ ಈಗ ಕಾರ್ಖಾನೆ ಅನ್ನಬಹುದಾದಷ್ಟು ಬೆಳೆದಿತ್ತು. ರಟ್ಟು ತರಿಸುವುದು, ಅಳತೆ ಹಾಕುವುದು, ಬೆಲೆ ಕಟ್ಟುವುದು, ಯಂತ್ರ ಮುನಿಸಿಕೊಂಡರೆ ಸ್ಪ್ಯಾನರ್ ಹಿಡಿದು ಅದರ ಹೊಟ್ಟೆಯೊಳಗೆ ಕೈ ಹಾಕುವುದು, ಎಲ್ಲಾ ಅವಳೇ.

ಗಂಡನನ್ನು ಮಾತ್ರ ಎಲ್ಲರೂ 'ಸಾರ್' ಎನ್ನುತ್ತಿದ್ದರು. ಗುಮಾಸ್ತನಾಗಿದ್ದ ಗಿರಣಿ ಮುಚ್ಚಿದ ಮೇಲೆ ಪಾಪದವನು ಗೋಡೆ ನೋಡುತ್ತಾ ಕೂತುಬಿಟ್ಟಿದ್ದ. ಅವನನ್ನು ಎಬ್ಬಿಸಿ ಡಬ್ಬ ಸಾಗಿಸುವ ಗಾಡಿಗೆ ಹಚ್ಚಿದವಳು ರಟ್ಟಕ್ಕನೇ. ಆಮೇಲೆ ಅವನಿಂದ ಇನ್ನೊಂದು ಉಪಯೋಗವೂ ಆಯಿತು. ಬೆಲೆ ಹೇಳುವುದು ಹೆಂಗಸು ಎಂದು ಗೊತ್ತಾದರೆ ಸಾಕು, ಗಿರಾಕಿಗಳು ಜಗ್ಗಾಡಲು ಶುರು ಮಾಡುತ್ತಿದ್ದರು. "ಸಾರ್ ಒಪ್ಪಲ್ಲ" ಅಂದರೆ ತೆಪ್ಪಗಾಗುತ್ತಿದ್ದರು. ಹಾಗಾಗಿ ಕೆಲಸಕ್ಕೆ ಸೇರಿದ ಪ್ರತಿ ಹೆಂಗಸಿಗೂ ಅಕ್ಕನ ಮೊದಲ ಪಾಠ ಇದೇ: "ಯಾರು ಏನು ಕೇಳಿದ್ರೂ ಸಾರ್‌ನ ಕೇಳ್ಬೇಕು ಅನ್ನಿ. ನನ್ನ ಸುದ್ದಿ ಎತ್ತಬೇಡಿ."

ಅವನಿಗೊಂದು ಗಾಜಿನ ಬಾಗಿಲಿನ ಕೋಣೆ, ಒಂದು ತಿರುಗುವ ಕುರ್ಚಿ. ಒಳಗಿಂದ ಅವನು ಒಮ್ಮೆ ಕೆಮ್ಮಿದರೆ ಹೊರಗೆ ಚೌಕಾಸಿ ನಿಲ್ಲುತ್ತಿತ್ತು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವನಿಗೂ ಇದು ತಮಾಷೆಯೇ ಇರಬೇಕು ಅಂದುಕೊಂಡಿದ್ದಳು, ಕೇಳಲು ಹೋಗಿರಲಿಲ್ಲ.

ಹೀಗಿರುವಾಗ ಅವರ ಡಬ್ಬಗಳನ್ನೆಲ್ಲ ಕೊಳ್ಳುತ್ತಿದ್ದ ಬಿಸ್ಕತ್ತಿನ ಕಾರ್ಖಾನೆ ಬೇರೆ ಊರಿಗೆ ಎದ್ದುಹೋಯಿತು. ಒಂದು ಔಷಧ ಕಂಪನಿ ಕೊಳ್ಳಲು ತಯಾರಿತ್ತು, ಆದರೆ ಮಹಿಳಾ ಒಡೆತನದ ಸಂಸ್ಥೆ ಎಂಬ ಪ್ರಮಾಣಪತ್ರ ಬೇಕಂತೆ. ಅದು ಸಿಗದಿದ್ದರೆ ಅರ್ಧದಷ್ಟು ಹೆಂಗಸರನ್ನು ಮನೆಗೆ ಕಳಿಸಬೇಕು. ರಟ್ಟಕ್ಕನಿಗೆ ಊಟ ಸೇರಲಿಲ್ಲ. ಆದರೂ ಒಳಗೊಳಗೇ ಧೈರ್ಯ ಹೇಳಿಕೊಂಡಳು. ಕಾಗದಪತ್ರವೆಲ್ಲ ಅವಳ ಹೆಸರಿನಲ್ಲೇ ಇತ್ತಲ್ಲ!

ತಪಾಸಣೆಗೆ ಬಂದವಳು ಕನ್ನಡಕದ ಹುಡುಗಿ, ನಗುಮುಖದವಳು. ಕಾಗದ ನೋಡಿ ತಲೆಯಾಡಿಸಿದಳು. "ಹೆಸರಷ್ಟೇ ಹೆಂಗಸಿಂದು, ನಡೆಸೋರು ಗಂಡಸರು, ಅಂಥವೇ ಬಹಳ. ಅದಕ್ಕೇ ಬಂದು ನೋಡ್ತೀವಿ," ಎನ್ನುತ್ತಾ ಸೀದಾ ಗೋಂದು ಹಚ್ಚುವ ಅಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಇಲ್ಲಿ ಬೆಲೆ ಕಡಿಮೆ ಮಾಡ್ಬೇಕು ಅಂದ್ರೆ ಯಾರನ್ನ ಕೇಳ್ಬೇಕು?"

ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಅಜ್ಜಿ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. "ಸಾರ್‌ನ ಕೇಳ್ಬೇಕಮ್ಮ. ಅಕ್ಕನ ಕೈಲಿ ಏನೂ ಇಲ್ಲ." ಹೇಳಿ, ಪಾಠ ಒಪ್ಪಿಸಿದ ಮಗುವಿನ ಹಾಗೆ ಅಕ್ಕನ ಮುಖ ನೋಡಿದಳು. ಪಿನ್ನು ಹೊಡೆಯುವವಳೂ ಅದನ್ನೇ ಅಂದಳು. ಯಂತ್ರದವಳೂ ಅದನ್ನೇ. ಎಂಥ ನಿಯತ್ತಿನ ಹೆಂಗಸರು! ಕೆಲಸದವರನ್ನೂ ಕೇಳುತ್ತಾರೆಂದು ರಟ್ಟಕ್ಕನಿಗೆ ಹೊಳೆದೇ ಇರಲಿಲ್ಲ.

ಹುಡುಗಿಯ ಮುಖದ ನಗು ಹೋಗಿತ್ತು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು. "ಸರ್, ಬೆಲೆ ತೀರ್ಮಾನ ಮಾಡೋರು ಯಾರು?"

'ಎಲ್ಲಾ ಇವಳೇ' ಅಂತ ಹೇಳಿ ಎಂದು ರಟ್ಟಕ್ಕ ಅವನಿಗೆ ಮೊದಲೇ ಹೇಳಿಟ್ಟಿದ್ದಳು. ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. ತೆರೆದ ಬಾಗಿಲಿನಾಚೆ ಹೆಂಗಸರು ನೋಡುತ್ತಿದ್ದರು.

"ನಾನೇ," ಅಂದ. "ಇವಳೂ ಸಹಾಯ ಮಾಡ್ತಾಳೆ."

ಸುಳ್ಳು ಹೇಳುವವನ ಮುಖವಲ್ಲ ಅದು. ರಟ್ಟಕ್ಕನಿಗೆ ಆಗ ಅರ್ಥವಾಯಿತು. ಇಷ್ಟು ದಿನ ಅವಳು ಆಡಿಸಿದ ಆಟವನ್ನು ಅವನು ನಿಜವೆಂದೇ ನಂಬಿ ಬದುಕಿದ್ದ, ಅದರಿಂದಲೇ ಎದ್ದು ಓಡಾಡುತ್ತಿದ್ದ. ಸುಮ್ಮನಿದ್ದರೆ ಅವನು ಉಳಿಯುತ್ತಾನೆ. ಅಜ್ಜಿಯ ಕೆಲಸ ಉಳಿಯುವುದಿಲ್ಲ.

"ಇಲ್ಲಮ್ಮ," ಅಂದಳು. "ಗಿರಾಕಿಗಳಿಗೆ ತೋರಿಸೋಕೆ ಅಂತ ಇವರನ್ನ ಇಲ್ಲಿ ಕೂರ್ಸಿದೀನಿ. ಇವರಿಗೆ ಬೆಲೆ ಗೊತ್ತಿಲ್ಲ. ಬೇಕಾದ್ರೆ ಕೇಳಿ, ಇವತ್ತು ರಟ್ಟು ಏನು ರೇಟು ಅಂತ."

ಹುಡುಗಿ ಕೇಳಿದಳು. ಹೊರಗೆ ಯಂತ್ರ ನಿಂತಿತ್ತು. ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದ.

"ಗೊತ್ತಿಲ್ಲ," ಅಂದ. ಎದ್ದು ಗಾಡಿಯ ಹತ್ತಿರ ಹೋದ.

ಮಿಕ್ಕ ಪ್ರಶ್ನೆಗಳಿಗೆಲ್ಲ ರಟ್ಟಕ್ಕ ನಿಂತುಕೊಂಡೇ ಉತ್ತರ ಕೊಟ್ಟಳು. ಕುರ್ಚಿ ಖಾಲಿಯಿದ್ದರೂ ಕೂರಲು ಮನಸ್ಸಾಗಲಿಲ್ಲ.

ಪ್ರಮಾಣಪತ್ರ ಬಂತು, ಆರ್ಡರೂ ಬಂತು. ಹೆಂಗಸರು ಚಪ್ಪಾಳೆ ತಟ್ಟಿದರು. ಅಜ್ಜಿ ಮಾತ್ರ, ತಾನೇನು ತಪ್ಪು ಹೇಳಿದೆ ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಾ ತಿರುಗಿದಳು. ಮನೆಯಲ್ಲಿ ಅವನು ಜಗಳವಾಡಲಿಲ್ಲ. ಬಡಿಸಿದ್ದನ್ನು ಉಂಡ, ಕೇಳಿದ್ದಕ್ಕೆ ಹೂಂ ಅಂದ. ಜಗಳವಾದರೂ ಆಡಬಾರದೇ ಎಂದು ಅವಳಿಗೆ ಅಳು ಬರುತ್ತಿತ್ತು.

ಔಷಧ ಕಂಪನಿಗೆ ಮೊದಲ ಸರಕು ಹೊರಡುವ ದಿನ ಅವಳು ಕೋಣೆಯಲ್ಲಿ ಬಿಲ್ಲು ಬರೆಯುತ್ತಿದ್ದಳು. ಯಾರೋ ಹೊರಗಿಂದ ಗಾಜಿನ ಮೇಲೆ ಮೆಲ್ಲಗೆ ತಟ್ಟಿದರು. ನೋಡಿದರೆ ಗಂಡ, ಕೈಕಟ್ಟಿಕೊಂಡು ನಿಂತಿದ್ದಾನೆ.

"ಮೇಡಂ, ಗಾಡಿ ತುಂಬಿದೆ. ಹೊರಡ್ಲಾ?"

ರೇಗಿಸುತ್ತಿದ್ದಾನೇನೋ ಎಂದು ಅವನ ಮುಖದಲ್ಲಿ ಹುಡುಕಿದಳು. ಅಂಥದ್ದೇನೂ ಇರಲಿಲ್ಲ.

"ರೀ, ಏನಿದು? ಒಳಗೆ ಬನ್ನಿ," ಅಂದಳು.

"ಪರವಾಗಿಲ್ಲ ಮೇಡಂ, ಇಲ್ಲೇ ಇರ್ತೀನಿ," ಎಂದು ಅವನು ಬಿಲ್ಲಿಗಾಗಿ ಕೈ ಚಾಚಿದ.